ಆಲನ್ ಹೆಸರಿನ ತಿಪ್ಪೆ

ವಿಮಾನ ನಿಲ್ದಾಣ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ತಾಲೂಕುಗಳಲ್ಲಿ ನಾನು ಕೈ ಹಾಕದ ತಿಪ್ಪೆ ಕಡಿಮೆ. ಹಳ್ಳಿಯ ಹೆಣ್ಣುಮಕ್ಕಳಿಗೆ ಗೊಬ್ಬರ ಮಾಡುವುದನ್ನು ಕಲಿಸುವುದು ನನ್ನ ಕೆಲಸ. ಗುಂಡಿಯ ಉದ್ದಗಲ ಅಳೆದು, ಒಳಗೆ ಕೈ ತೂರಿಸಿ ಕಾವು ನೋಡಿ, ರಿಜಿಸ್ಟರಿನಲ್ಲಿ ಬರೆದು, ತಪ್ಪು ಮಾಡಿದವರನ್ನು ನಾಲ್ಕು ಮಾತು ಬೈದು ಬರುತ್ತೇನೆ. ನನ್ನ ಬೆನ್ನ ಹಿಂದೆ ಎಲ್ಲರೂ ನನ್ನನ್ನು 'ತಿಪ್ಪಿ ಅಕ್ಕೋರು' ಅನ್ನುತ್ತಾರೆ. ಎದುರಿಗೇ ಅಂದರೂ ನನಗೇನು ಬೇಜಾರಿಲ್ಲ.

ಇಂಥವಳು ಸ್ಕಾಟ್ಲೆಂಡಿನಲ್ಲಿ ನರ್ಸ್ ಆಗಿರುವ ತಂಗಿ ಸಾವಿತ್ರಿಯನ್ನು ನೋಡಲು ಹೊರಟರೆ ಏನು ಒಯ್ಯಬೇಕು? ಖಡಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲರೂ ಒಯ್ಯುತ್ತಾರೆ. ನಾನು ಅವುಗಳ ಜೊತೆಗೆ ನಮ್ಮೂರು ತಾಂಬಾದ ಮನೆಯ ತಿಪ್ಪೆಯಿಂದ ಎರಡು ಬೊಗಸೆ ಹಳೆ ಗೊಬ್ಬರವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಟ್ಟುಕೊಂಡೆ. ಹಾಲಿಗೆ ಹೆಪ್ಪು ಹಾಕುವ ಹಾಗೆ ಹೊಸ ತಿಪ್ಪೆಗೂ ಹಳೆಯದರ ಹೆಪ್ಪು ಹಾಕಿದರೆ ಬೇಗ ಕಾವು ಬರುತ್ತದೆ. ಸಾವಿತ್ರಿ ಅಲ್ಲೊಂದು ಸಮುದಾಯದ ತೋಟದಲ್ಲಿ ಪಾತಿ ಹಿಡಿದಿದ್ದಾಳೆ ಅಂತ ಗೊತ್ತಿತ್ತು.

ಅಲ್ಲಿ ಇಳಿದಾಗ ವಿಮಾನ ನಿಲ್ದಾಣದ ಅಧಿಕಾರಿ ಆ ಚೀಲವನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. ಏನಿದು ಅಂದ. ಸುಳ್ಳು ಹೇಳುವ ಚಾಳಿ ನನಗಿಲ್ಲ. "ಸಗಣಿ," ಅಂದೆ. ಅವನು ನಾಲ್ಕು ಸಲ ಕ್ಷಮೆ ಕೇಳಿ, ಕಾಗದವೊಂದಕ್ಕೆ ನನ್ನಿಂದ ಸಹಿ ಹಾಕಿಸಿಕೊಂಡು, ಚೀಲವನ್ನು ಕೆಂಪು ಡಬ್ಬಿಯೊಳಗೆ ಹಾಕಿ ಮುಚ್ಚಿದ. ನಮ್ಮಲ್ಲಾಗಿದ್ದರೆ ಬೈಯುತ್ತಿದ್ದರು, ಆಮೇಲೆ ಬಿಡುತ್ತಿದ್ದರು. ಇಲ್ಲಿ ಬೈಯಲಿಲ್ಲ, ಬಿಡಲೂ ಇಲ್ಲ. ಈ ದೇಶದಲ್ಲಿ ಕಾಗದದ ಮುಂದೆ ಮನುಷ್ಯನ ಆಟ ನಡೆಯುವುದಿಲ್ಲ ಎಂದು ನನಗೆ ಮೊದಲ ತಾಸಿನಲ್ಲೇ ತಿಳಿಯಿತು.

ಮೊದಲ ದಿನ: ತೋಟದ ಬಾಗಿಲು

ಸಮುದ್ರದ ದಂಡೆಯ ಸಣ್ಣ ಊರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಸಮುದ್ರದ ಸದ್ದು ಕೇಳಿಸುತ್ತಿತ್ತೇ ಹೊರತು ನೀರು ಕಾಣುತ್ತಿರಲಿಲ್ಲ. ಮಧ್ಯಾಹ್ನದ ಊಟ ಮುಗಿಸಿ ತೋಟಕ್ಕೆ ಹೋದರೆ ಆಗಲೇ ಸಂಜೆಯಾದಂತಿತ್ತು. ಬೀದಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಎದುರು ಬಂದವರೆಲ್ಲ ಹವೆಯ ಬಗ್ಗೆ ಒಂದು ಮಾತಾಡಿ ಮಂಜಿನೊಳಗೆ ಕರಗಿಹೋದರು. ನಮ್ಮ ಕಡೆ ಎದುರಾದವರು ಎಲ್ಲಿಗೆ, ಯಾಕೆ, ಯಾರ ಮನೆಗೆ ಅಂತ ಕೇಳಿ ಮುಗಿಸುವಷ್ಟರಲ್ಲಿ ಬಸ್ಸು ತಪ್ಪಿರುತ್ತದೆ. ಇಲ್ಲಿ ಯಾರೂ ಏನೂ ಕೇಳದಿರುವುದು ನನಗೆ ಯಾಕೋ ಹಿಡಿಸಲಿಲ್ಲ.

ತೋಟದ ಬಾಗಿಲಿಗೆ ಒಂದು ಫಲಕ ತೂಗುಹಾಕಿದ್ದರು. ಸಾವಿತ್ರಿ ಓದಿ ಹೇಳಿದಳು. ಇಡೀ ತೋಟಕ್ಕೆ ಒಂದೇ ತಿಪ್ಪೆ. ಅದಕ್ಕೆ ಪುರಸಭೆಯ ಪರವಾನಗಿ, ಅದೂ ಒಬ್ಬರ ಹೆಸರಿನಲ್ಲಿ. ಆ ಒಬ್ಬರು ತರಬೇತಿ ಪಡೆದಿರಬೇಕು, ದಿನಾ ತಿಪ್ಪೆಯ ಕಾವು ಅಳೆದು ಪುಸ್ತಕದಲ್ಲಿ ಬರೆಯಬೇಕು. ಮಾಂಸ ಹಾಕಬಾರದು, ಬೇಯಿಸಿದ್ದು ಹಾಕಬಾರದು, ಬೂದಿ ಹಾಕಬಾರದು. ಗೊಬ್ಬರ ತೋಟದ ಹೊರಗೆ ಹೋಗಬಾರದು. ಪರವಾನಗಿ ಹೊಂದಿದವರು ಊರು ಬಿಟ್ಟರೆ ಅಥವಾ ತೀರಿಕೊಂಡರೆ ಪರವಾನಗಿಯೂ ಮುಗಿಯಿತು. ಆಗ ಗುಂಡಿಗೆ ಮುದ್ರೆ ಹಾಕಿ, ಒಳಗಿದ್ದದ್ದನ್ನು ಲಾರಿಯಲ್ಲಿ ಒಯ್ದು ಊರ ಕಸದ ಜೊತೆ ಸುರಿಯುತ್ತಾರೆ.

"ನಮ್ಮ ಮುತ್ತಜ್ಜಿ ತಿಪ್ಪಿಗೆ ಯಾರ ಪರವಾನಗಿ ಇತ್ತವಾ?" ಅಂದು ನಾನು ನಕ್ಕೆ.

ಸಾವಿತ್ರಿ ನಗಲಿಲ್ಲ. "ಮುಂದಿನ ವಾರ ತಪಾಸಣಿ ಐತಿ ಅಕ್ಕಾ. ಎಲ್ಲಾರಿಗೂ ಅದೇ ಚಿಂತಿ," ಅಂದಳು.

ಮೂವತ್ತು ಪಾತಿಗಳ ತೋಟ. ಚಳಿಗಾಲವೆಂದು ಬಹುತೇಕ ಖಾಲಿ ಬಿದ್ದಿದ್ದವು. ಕೊನೆಯಲ್ಲಿ ಹಲಗೆ ಬಡಿದು ಕಟ್ಟಿದ ದೊಡ್ಡ ಗುಂಡಿ, ಅದರ ಮೇಲೆ ಬಿಳಿ ಹಬೆ. ನಾನು ತೋಳೇರಿಸಿ ಕೈ ತೂರಿಸಿದೆ. ಮೊಣಕೈವರೆಗೂ ಹೋದ ಕೈಯನ್ನು ಅಲ್ಲಿ ಇಡಲಾಗಲಿಲ್ಲ, ಅಷ್ಟು ಬಿಸಿ. ಇಂಥ ಹದದ ತಿಪ್ಪೆಯನ್ನು ನಾನು ನಮ್ಮ ಬೇಸಿಗೆಯಲ್ಲೂ ಕಂಡಿಲ್ಲ.

"ಯಾರದವಾ ಇದು? ಹದಾ ಭಾಳ ಚಲೋ ಐತಿ."

"ಆಲನ್‌ದು."

"ಎಲ್ಲಿ ಅದಾನ? ಭೆಟ್ಟಿ ಮಾಡಿಸ."

"ಈಗಷ್ಟ ಹೋದ ಅಕ್ಕಾ. ನಾಳೆ ಸಿಗ್ತಾನ ಬಿಡ," ಅಂದು ಅವಳು ಬೇರೆ ಕಡೆ ನೋಡಿದಳು.

ಅಷ್ಟರಲ್ಲಿ ಆಲನ್‌ನ ಹೆಂಡತಿ ಮೋರಾಗ್ ಚಹಾದ ಫ್ಲಾಸ್ಕು ಹಿಡಿದು ಬಂದಳು. ಎಪ್ಪತ್ತು ದಾಟಿದ, ಎತ್ತರದ, ಸೊಂಟ ಬಗ್ಗಿದ ಹೆಂಗಸು. ಅಲ್ಲಿದ್ದ ನಾಲ್ವರಿಗೆ ಐದು ಕಪ್‌ಗಳಲ್ಲಿ ಚಹಾ ಸುರಿದು, ಐದನೆಯದನ್ನು ಗುಂಡಿಯ ಹಲಗೆಯ ಮೇಲಿಟ್ಟಳು. ಆಲನ್‌ದು ಅಂದಳು. ನಾವು ಹೊರಡುವವರೆಗೂ ಅದನ್ನು ಕುಡಿಯಲು ಯಾರೂ ಬರಲಿಲ್ಲ.

ಐದನೇ ದಿನ: ಬಳೆಚೂರು

ಐದು ದಿನ ಕಳೆದರೂ ಆಲನ್ ನನ್ನ ಕಣ್ಣಿಗೆ ಬೀಳಲಿಲ್ಲ. ಕೇಳಿದವರೆಲ್ಲರದೂ ಒಂದೇ ಉತ್ತರ, ಈಗಷ್ಟೇ ಹೋದ. ಗುಡಿಸಲಿನಂಥ ಸಾಮಾನು ಕೋಣೆಯಲ್ಲಿ ಅವನ ಕೋಟು ಮೊಳೆಗೆ ತೂಗಾಡುತ್ತಿತ್ತು. ಅದರ ಪಕ್ಕ ದೊಡ್ಡ ಕುಂಬಳಕಾಯಿ ಹಿಡಿದು ನಗುತ್ತಿದ್ದ ಅವನ ಫೋಟೊ. ಮೇಜಿನ ಮೇಲೆ ಕಾವಿನ ಪುಸ್ತಕ. ಪ್ರತಿ ದಿನದ ಎದುರಿಗೂ ಒಂದೇ ಬಾಗಿದ ಅಕ್ಷರ: ಅರವತ್ತು ಡಿಗ್ರಿ, ಅರವತ್ತೊಂದು, ಅರವತ್ತು.

ನಾನು ರಿಜಿಸ್ಟರ್ ಬರೆಯುವವಳು. ಇಷ್ಟು ಚಂದದ ರಿಜಿಸ್ಟರ್ ಕಂಡರೆ ನನಗೆ ಸಂಶಯ ಬರುತ್ತದೆ. ಊರಲ್ಲಿ ಹೆಣ್ಣುಮಕ್ಕಳು ಗೊಬ್ಬರ ತಿರುವಿದೆವು ಅಂತ ಸುಳ್ಳು ಹೇಳಿದರೆ ಹಿಡಿಯಲು ನನ್ನದೊಂದು ಉಪಾಯವಿದೆ. ತಿಪ್ಪೆಯ ನಡುವೆ ಒಂದು ಗೇಣು ಆಳದಲ್ಲಿ ಬಳೆಚೂರು ಹೂತು ಬರುತ್ತೇನೆ. ಮುಂದಿನ ಸಲ ಅದು ಅಲ್ಲೇ ಸಿಕ್ಕರೆ ಯಾರೂ ಸಲಿಕೆ ಮುಟ್ಟಿಲ್ಲ ಎಂದರ್ಥ. ವಿಮಾನದಲ್ಲಿ ಒಡೆದ ನನ್ನ ಹಸಿರು ಬಳೆಯ ಚೂರೊಂದು ಪರ್ಸಿನಲ್ಲಿತ್ತು. ಸಂಜೆ ಯಾರೂ ನೋಡದಾಗ ಅದನ್ನು ಹೂತೆ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ತೋಟದ ಬಾಗಿಲಲ್ಲಿದ್ದೆ. ಬೀಗ ಹಾಕಿದ್ದು ಹಾಗೇ ಇತ್ತು. ಸಾವಿತ್ರಿಯ ಕೀಲಿಯಿಂದ ತೆಗೆದು ಒಳಗೆ ಹೋದೆ. ನೆಲದ ಮೇಲೆ ಉಪ್ಪು ಸುರಿದ ಹಾಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಅದರ ಮೇಲೆ ನನ್ನ ಹೆಜ್ಜೆ ಬಿಟ್ಟರೆ ಬೇರೆ ಹೆಜ್ಜೆ ಇರಲಿಲ್ಲ. ಗುಂಡಿಯ ಹಲಗೆಯ ಮೇಲೆ, ಚಹಾದ ಖಾಲಿ ಕಪ್ಪಿನ ಪಕ್ಕ, ನನ್ನ ಬಳೆಚೂರು ಕೂತಿತ್ತು. ಯಾರೋ ತೊಳೆದು ಇಟ್ಟ ಹಾಗೆ ಸ್ವಚ್ಛವಾಗಿತ್ತು. ತಿಪ್ಪೆಯ ಮೈ ಆಗತಾನೇ ತಿರುವಿದಂತೆ ಸಡಿಲವಾಗಿ ಹಬೆಯಾಡುತ್ತಿತ್ತು.

ನಾನು ಬಳೆಚೂರನ್ನು ಎತ್ತಿಕೊಂಡು ಲಗುಲಗು ಹೊರಗೆ ಬಂದೆ. ಸಾವಿತ್ರಿಗೆ ಹೇಳಲಿಲ್ಲ. ಸಿಕ್ಕಿಬಿದ್ದವಳು ನಾನೇ ಆಗಿದ್ದೆನಲ್ಲ.

ಬಲಿಪಾಡ್ಯಮಿ

ನಮ್ಮ ಕಡೆ ದೀಪಾವಳಿಯ ಪಾಡ್ಯದಂದು ಸಗಣಿಯಲ್ಲಿ ಪಾಂಡವರನ್ನು ಮಾಡಿ, ಹೂ ಚುಚ್ಚಿ, ಹೊಸ್ತಿಲಿಗೂ ತಿಪ್ಪೆಗೂ ಇಟ್ಟು ಪೂಜೆ ಮಾಡುತ್ತಾರೆ. ವರ್ಷವಿಡೀ ತುಳಿದು ಉಗುಳಿದ ತಿಪ್ಪೆಗೆ ಅದೊಂದು ದಿನ ದೇವರ ಮರ್ಯಾದೆ. ಸಾವಿತ್ರಿ ಇದನ್ನು ಮಾಡದೆ ಎಷ್ಟೋ ವರ್ಷವಾಗಿತ್ತು. "ಇಲ್ಲೇ ತಿಪ್ಪಿ ಐತಿ, ನಾನೂ ಅದೇನಿ, ಮತ್ತೇನು ಬೇಕು ನಿನಗ?" ಎಂದು ಅವಳನ್ನು ಎಳೆದುಕೊಂಡು ಹೋದೆ.

ಹಸಿ ಸಗಣಿ ಎಲ್ಲಿಂದ ಬರಬೇಕು? ಕುದುರೆ ಲದ್ದಿ ಕೂಡಿದ್ದ ಆ ಬಿಸಿ ಗೊಬ್ಬರವನ್ನೇ ತಿಪ್ಪೆಯ ಹೊಟ್ಟೆಯಿಂದ ತೆಗೆದು ನೀರು ಚಿಮುಕಿಸಿ ನಾದಿದೆ. ಬೆರಳಿಗೆ ಬಿಳಿ ಹರಳುಗಳು ತಾಗಿದವು. ಮೊಟ್ಟೆಯ ಸಿಪ್ಪೆ ಇರಬೇಕು ಅಂದುಕೊಂಡೆ. ಆದರೆ ಅದು ಸಿಪ್ಪೆಯ ಹಾಗೆ ಪುಡಿಯಾಗಲಿಲ್ಲ. ನಾಲ್ಕು ಗೊಂಬೆ ಮಾಡಿ ಸಾಲಾಗಿ ಇಟ್ಟೆ. ಐದನೆಯದಕ್ಕೆ ತಲೆ ಕೂಡಿಸುವಾಗ ಹಿಂದಿನಿಂದ ಮೋರಾಗ್ ಬಂದು ನನ್ನ ಮಣಿಕಟ್ಟು ಹಿಡಿದಳು.

ಅವಳ ಮುಖ ಸುಣ್ಣದ ಹಾಗಿತ್ತು. ಗೊಂಬೆಗಳನ್ನು ನೋಡಿದಳು, ನನ್ನ ಬೆರಳುಗಳನ್ನು ನೋಡಿದಳು. ಆಮೇಲೆ ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು ಮಾತಾಡತೊಡಗಿದಳು. ಸಾವಿತ್ರಿ ಒಂದೊಂದೇ ಮಾತನ್ನು ನನಗೆ ದಾಟಿಸಿದಳು.

"ಆಲನ್ ಮಾರ್ಚ್‌ನ್ಯಾಗ ಹೋದ ಅಕ್ಕಾ. ನಮಗೆಲ್ಲಾ ಗೊತ್ತಿತ್ತು. ಆಫೀಸಿಗೆ ಹೇಳಿದ್ರ ತಿಪ್ಪಿ ಕಿತ್ಕೊಂಡು ಹೋಗ್ತಾರ ಅಂತ ಯಾರೂ ಹೇಳಲಿಲ್ಲ. ಪುಸ್ತಕದಾಗ ಅವನ ಅಕ್ಷರದಂಗ ಬರಿಯಾಕಿ ಇಕೀನ."

"ಅದಕ್ಯಾಕ ಇಷ್ಟು ಅಂಜಬೇಕು? ತಿಪ್ಪಿ ಹೋದ್ರ ಇನ್ನೊಂದು."

ಸಾವಿತ್ರಿ ಮೋರಾಗ್‌ಳ ಮುಂದಿನ ಮಾತು ಕೇಳಿ ಬಾಯಿಗೆ ಕೈ ಅಡ್ಡ ಹಿಡಿದಳು. ಇದು ಅವಳಿಗೂ ಹೊಸದು ಎಂದು ನನಗೆ ಕಂಡಿತು. "ಅವನ್ನ ಸುಟ್ಟ ಬೂದಿ ಇದರಾಗ ಹಾಕ್ಯಾಳಂತ, ಅಕ್ಕಾ. ಅವನೇ ಹಂಗ ಮಾಡು ಅಂದಿದ್ನಂತ."

ನಾನು ನನ್ನ ಕೈ ನೋಡಿಕೊಂಡೆ. ಒರೆಸಿಕೊಳ್ಳುವುದೋ ಬೇಡವೋ ತಿಳಿಯಲಿಲ್ಲ. ಅಗರಖೇಡದ ಕಡೆ ಬೂದಿಯನ್ನು ಭೀಮಾ ನದಿಗೆ ಬಿಡುವವರನ್ನು ನೋಡಿದ್ದೇನೆ. ನಮ್ಮ ಮನೆತನದಲ್ಲಿ ಹೊಲದಲ್ಲಿ ಹೂಳುತ್ತೇವೆ. ಎರಡರಲ್ಲೂ ಉಳಿದವರಿಗೆ ಹೋಗಿ ನಿಲ್ಲಲು ಒಂದು ಜಾಗ ಸಿಗುತ್ತದೆ. ಈ ಮುದುಕಿಯ ಜಾಗವೆಂದರೆ ಈ ಗುಂಡಿ. ಇದಕ್ಕೆ ಮುದ್ರೆ ಬಿದ್ದರೆ ಅವಳ ಗಂಡ ಲಾರಿ ಹತ್ತಿ ಊರ ಕಸದ ರಾಶಿಗೆ ಹೋಗುತ್ತಾನೆ.

"ಅಲ್ಲವಾ, ಈ ವಯಸ್ಸಿನ್ಯಾಗ ಇಷ್ಟು ದೊಡ್ಡ ತಿಪ್ಪಿ ಹೆಂಗ ತಿರುವ್ತಾಳ?" ಎಂದು ಕೇಳಿದೆ.

ಸಾವಿತ್ರಿ ಅವಳನ್ನು ಕೇಳಿದಳು. ಮೋರಾಗ್ ತನ್ನ ಬಗ್ಗಿದ ಸೊಂಟ ಮುಟ್ಟಿ ತೋರಿಸಿ, ತಲೆಯಾಡಿಸಿ, ಸಾವಿತ್ರಿಯತ್ತ ಬೆರಳು ಮಾಡಿದಳು.

"ನಾವೆಲ್ಲಾ ತಿರುವ್ತೀವಿ ಅಂತ ತಿಳ್ಕೊಂಡಾಳಂತ," ಅಂದ ಸಾವಿತ್ರಿಯ ದನಿ ಸಣ್ಣದಾಗಿತ್ತು. "ನಾ ಸಲಿಕಿ ಮುಟ್ಟಿಲ್ಲ ಅಕ್ಕಾ. ಯಾರೂ ಮುಟ್ಟಿಲ್ಲ. ನಾವೆಲ್ಲಾ ಇಕೀನ ತಿರುವ್ತಾಳ ಅನ್ಕೊಂಡಿದ್ವಿ."

ಮೂವರೂ ಗುಂಡಿಯ ಕಡೆ ನೋಡಿದೆವು. ತಿರುವದ ತಿಪ್ಪೆ ಮೂರು ವಾರದಲ್ಲಿ ತಣ್ಣಗಾಗುತ್ತದೆ. ಇದು ಮಾರ್ಚಿನಿಂದ ಕುದಿಯುತ್ತಿದೆ. ನನ್ನ ಪರ್ಸಿನಲ್ಲಿ ಬಳೆಚೂರಿತ್ತು. ನಾನು ಅದರ ಮಾತೆತ್ತಲಿಲ್ಲ.

ಗೊಂಬೆಗಳನ್ನು ಒಡೆಯಲು ಮನಸ್ಸಾಗಲಿಲ್ಲ. ಮೋರಾಗ್ ತಾನೇ ಅವನ್ನು ಒಂದೊಂದಾಗಿ ಎತ್ತಿ ತಿಪ್ಪೆಯ ಮೇಲಿಟ್ಟಳು. ನಾನು ದೀಪ ಹಚ್ಚಿದೆ. ತೋಟದ ಪ್ಲಾಸ್ಟಿಕ್ ಹೊದಿಕೆಯ ಮನೆಯೊಳಗೆ ಇನ್ನೂ ಉಳಿದಿದ್ದ ಚೆಂಡು ಹೂ ಕೊಯ್ದು ಮಾಲೆ ಕಟ್ಟಿ, ಸಾಮಾನು ಕೋಣೆಯಲ್ಲಿದ್ದ ಆಲನ್‌ನ ಫೋಟೊಕ್ಕೆ ಹಾಕಿದೆ. ಇಷ್ಟು ದಿನ ಬದುಕಿದ್ದಾನೆಂದು ಹುಡುಕಿದವನಿಗೆ ಅಷ್ಟಾದರೂ ಮಾಡಬೇಕಲ್ಲ. ಮೋರಾಗ್ ಮಾಲೆಯನ್ನು ಮುಟ್ಟಿ, ಎಷ್ಟು ಚಂದ ಅಂದಳು.

ತಪಾಸಣೆಯ ದಿನ

ಪುರಸಭೆಯ ಅಧಿಕಾರಿ ಮಧ್ಯಾಹ್ನ ಬಂದ. ಮೂವತ್ತರ ಆಸುಪಾಸಿನ, ನಮ್ಮಂತೆಯೇ ಕಂದು ಮೈಬಣ್ಣದವನು. ಮಾತೆಲ್ಲ ಅಲ್ಲಿಯವರ ಇಂಗ್ಲಿಷೇ, ಸಾವಿತ್ರಿ ನನಗೆ ಮೆಲ್ಲಗೆ ದಾಟಿಸುತ್ತಿದ್ದಳು. ತೋಟದ ಹದಿನೈದಿಪ್ಪತ್ತು ಜನ ಪಾತಿಗಳಲ್ಲಿ ಸುಮ್ಮನೆ ಏನೋ ಕೆದರುವ ನಾಟಕ ಮಾಡುತ್ತ ನಿಂತಿದ್ದರು. ಅವನು ಉದ್ದನೆಯ ಕಂಬಿಯಂಥ ಥರ್ಮಾಮೀಟರ್ ಚುಚ್ಚಿ ನೋಡಿ ಮೆಚ್ಚಿಕೊಂಡ. ಗೊಂಬೆಗಳನ್ನು ನೋಡಿ ಮುಗುಳ್ನಕ್ಕ. ಪುಸ್ತಕ ತಿರುವಿದ. ಆಲನ್ ಎಲ್ಲಿ ಅಂದ. ಈಗಷ್ಟೇ ಹೋದ ಎಂದು ಒಂದೇ ಸಲಕ್ಕೆ ಮೂವರು ಹೇಳಿದರು.

ಸಹಿ ಹಾಕಲು ಪೆನ್ನು ತೆಗೆದವನು ಸಾಮಾನು ಕೋಣೆಯ ಮೇಜಿನ ಕಡೆ ಹೋದ. ಬಾಗಿಲಲ್ಲೇ ನಿಂತುಬಿಟ್ಟ.

ನನ್ನ ತಪ್ಪು ನನಗೆ ಆಗ ಹೊಳೆಯಿತು. ಆ ಇಡೀ ಊರಿನಲ್ಲಿ ಯಾರಿಗೂ ತಿಳಿಯದಿದ್ದದ್ದು ಅವನೊಬ್ಬನಿಗೆ ತಿಳಿಯುವಂಥದಾಗಿತ್ತು. ತನ್ನ ಅಜ್ಜಿಯ ಮನೆಯಲ್ಲಿ ಅಜ್ಜನ ಫೋಟೊಕ್ಕೆ ಇಂಥದೇ ಮಾಲೆ ಇದೆ ಎಂದು ಅವನು ಮೆಲ್ಲಗೆ ಹೇಳಿದ. ಆಮೇಲೆ ಮೋರಾಗ್‌ಳ ಕಡೆ ತಿರುಗಿ, ಯಾವಾಗ ತೀರಿಕೊಂಡರು ಎಂದು ಕೇಳಿದ. ಅವಳು ಮಾರ್ಚ್ ಅಂದಳು.

ನಾಲ್ಕು ತಾಲೂಕಿನ ಹೆಣ್ಣುಮಕ್ಕಳ ಸುಳ್ಳು ಹಿಡಿದು ಬೀಗಿದವಳು ನಾನು. ಅಂದು ನನ್ನ ಕೈಯಿಂದಲೇ ಒಬ್ಬ ಮುದುಕಿ ಸಿಕ್ಕಿಬಿದ್ದಳು. ನೆಲ ಬಿರಿಯಬಾರದೇ ಅನ್ನಿಸಿತು. "ಏನ್ ಮಾಡಿದಿ ಅಕ್ಕಾ," ಅಂದಳು ಸಾವಿತ್ರಿ. ಬೈದಿದ್ದರೆ ಚೆನ್ನಾಗಿತ್ತು, ಬರೀ ಅಷ್ಟೇ ಅಂದಳು.

ಅಧಿಕಾರಿ ಕಾಗದ ಮಡಚಿಕೊಂಡ. ನಂತರ ಎಲ್ಲರಿಗೂ ಕೇಳುವಂತೆ ಹೇಳಿದ. ಪರವಾನಗಿ ಮುಗಿದಿದೆ, ಗುಂಡಿಗೆ ಇವತ್ತೇ ಮುದ್ರೆ ಹಾಕಬೇಕು, ನಾಳೆ ಲಾರಿ ಬರುತ್ತದೆ. ಮುದ್ರೆ ಹಾಕುವಾಗ ಗುಂಡಿಯಲ್ಲಿ ಏನಿದೆಯೋ ಅಷ್ಟನ್ನೇ ಬರೆದುಕೊಳ್ಳುವುದು ನಿಯಮ. ಸದಸ್ಯರ ಪಾತಿಗಳಲ್ಲಿ ಏನಿದೆ ಎಂದು ನೋಡುವುದು ತನ್ನ ಕೆಲಸವಲ್ಲ. ಮುದ್ರೆಯ ಸಾಮಾನು ಕಾರಿನಲ್ಲಿದೆ, ಕಾರು ದೂರ ನಿಂತಿದೆ, ಬರಲು ಒಂದು ತಾಸು ಹಿಡಿಯಬಹುದು. ಇಷ್ಟು ಹೇಳಿ ಅವನು ಕೋಟಿನ ಗುಂಡಿ ಹಾಕಿಕೊಂಡು ಮಂಜಿನೊಳಗೆ ಹೋದ.

ಯಾರೂ ಅಲುಗಲಿಲ್ಲ. ಆ ಜನಕ್ಕೆ ತೋಚುವಷ್ಟರಲ್ಲಿ ತಾಸು ಮುಗಿದೇ ಹೋಗುತ್ತಿತ್ತು. ನಾನು ಸೆರಗು ಸಿಕ್ಕಿಸಿ ಸಲಿಕೆ ಎತ್ತಿದೆ. "ನಿಂತು ಏನ್ ನೋಡ್ತೀರಿ? ಬುಟ್ಟಿ ಹಿಡೀರಿ! ಸಾಲಾಗಿ ನಿಲ್ಲರಿ!" ಎಂದು ನಮ್ಮ ಭಾಷೆಯಲ್ಲೇ ಕೂಗಿದೆ. ಸಾವಿತ್ರಿ ದಾಟಿಸುವ ಮೊದಲೇ ಅವರಿಗೆ ತಿಳಿಯಿತು. ನಮ್ಮೂರಲ್ಲಿ ತಿಪ್ಪೆ ತೋಡುವಾಗ ಮಾಡುವಂತೆ ಕೈಯಿಂದ ಕೈಗೆ ಬುಟ್ಟಿ ಸಾಗಿತು. ಪೂರ್ತಿ ಕಳಿಯದ ಗೊಬ್ಬರ ಬೆಳೆಯ ಬೇರು ಸುಡುತ್ತದೆ, ಆದರೆ ಖಾಲಿ ಪಾತಿಯಲ್ಲಿ ಸುಡಲು ಏನಿತ್ತು? ಹಬೆಯಲ್ಲಿ ಮುಖಗಳು ಕಾಣುತ್ತಿರಲಿಲ್ಲ, ಬರೀ ಕೈಗಳು ಕಾಣುತ್ತಿದ್ದವು. ಒಂದು ಹಂತದಲ್ಲಿ ನಾನು ಬುಟ್ಟಿ ತುಂಬುವ ಮೊದಲೇ ಗೊಬ್ಬರ ತಾನಾಗಿ ಸಡಿಲಗೊಂಡು ಬರುತ್ತಿದೆ ಅನ್ನಿಸಿತು. ಪಕ್ಕದಲ್ಲಿ ಇನ್ನೊಂದು ಸಲಿಕೆಯ ಸದ್ದು ಕೇಳಿದೆ. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಗುಂಡಿಯ ಬಳಿ ಇದ್ದದ್ದು ಒಂದೇ ಸಲಿಕೆ, ಅದು ನನ್ನ ಕೈಯಲ್ಲಿತ್ತು.

ತಳದಲ್ಲಿ ಇಳಿದು ಕೂತ ಬೂದು ಬಣ್ಣದ ಪದರ ಸಿಕ್ಕಿತು. ಅದನ್ನು ನಾನು ಸಲಿಕೆಯಿಂದ ತೆಗೆಯಲಿಲ್ಲ, ಬೊಗಸೆಯಿಂದ ತೆಗೆದೆ. ಐದು ಗೊಂಬೆಗಳ ಜೊತೆ ಆ ಕೊನೆಯ ಬುಟ್ಟಿ ಸಾವಿತ್ರಿಯ ಪಾತಿಗೆ ಹೋಯಿತು. ಅಧಿಕಾರಿ ಬಂದು ಬರಿದಾದ ಹಲಗೆಗಳಿಗೆ ಪಟ್ಟಿ ಸುತ್ತಿ ಮುದ್ರೆ ಹಾಕಿದ. ಕಾಗದದಲ್ಲಿ 'ಖಾಲಿ' ಎಂದು ಬರೆದ. ಹೋಗುವಾಗ ಮೋರಾಗ್‌ಳ ಮುಂದೆ ನಿಂತು ಟೋಪಿ ತೆಗೆದ.

ಮೋರಾಗ್ ಮೂವತ್ತು ಪಾತಿಗಳ ನಡುವೆ ಚಹಾದ ಕಪ್ಪು ಹಿಡಿದು ತಿರುಗಿದಳು. ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಅದನ್ನು ಹಿಡಿದುಕೊಂಡೇ ಮನೆಗೆ ಹೋದಳು. ಲಾರಿಯಿಂದ ಅವನನ್ನು ಉಳಿಸಿದ್ದೆವು, ಆದರೆ ಅವಳಿಂದ ಅವನ ಜಾಗವನ್ನು ಕಿತ್ತುಕೊಂಡಿದ್ದೆವು. ಅದನ್ನು ನೋಡಿ ನನಗೆ ಅಳು ಬಂತು.

ಹೊರಡುವ ದಿನ

ಬೆಳಿಗ್ಗೆ ಮೋರಾಗ್‌ಳಿಗೆ ಹೇಳಿ ಹೋಗಲು ನಾವಿಬ್ಬರೂ ತೋಟಕ್ಕೆ ಹೋದೆವು. ಗಟ್ಟಿ ಇಬ್ಬನಿ ಬಿದ್ದು ಪಾತಿಗಳೆಲ್ಲ ಬೆಳ್ಳಗಾಗಿದ್ದವು. ತೆಳ್ಳಗೆ ಹರಡಿದ ಗೊಬ್ಬರ ಒಂದೆರಡು ತಾಸಿನಲ್ಲಿ ಆರುತ್ತದೆ. ಇದನ್ನು ನಾನು ಊರೂರಿಗೆ ಹೋಗಿ ಹೇಳಿದ್ದೇನೆ.

ಮೋರಾಗ್ ನಮಗಿಂತ ಮೊದಲೇ ಬಂದಿದ್ದಳು. ಗಂಡನ ಕೋಟು ತೊಟ್ಟುಕೊಂಡು, ಅವನ ಥರ್ಮಾಮೀಟರನ್ನು ಒಂದೊಂದು ಪಾತಿಗೂ ಚುಚ್ಚಿ, ಪುಸ್ತಕದಲ್ಲಿ ಬರೆಯುತ್ತಿದ್ದಳು. ಇಷ್ಟು ತಿಂಗಳು ಅವನ ಅಕ್ಷರದಂತೆ ಬರೆದವಳು ಅಂದು ತನ್ನ ಅಕ್ಷರದಲ್ಲೇ ಬರೆದಿದ್ದಳು. ನಾನು ಹೆಗಲ ಮೇಲಿಂದ ಬಗ್ಗಿ ನೋಡಿದೆ. ಒಂದು, ಎರಡು, ಒಂದು, ಸೊನ್ನೆ. ಎಲ್ಲ ತಣ್ಣಗೆ.

ಸಾವಿತ್ರಿಯ ಪಾತಿಯ ಮುಂದೆ ಬಂದಾಗ ಅವಳು ಥರ್ಮಾಮೀಟರ್ ಚುಚ್ಚಿ, ಬರೆಯದೆ ನಿಂತಳು. ತೆಗೆದು, ಒರೆಸಿ, ಮತ್ತೆ ಚುಚ್ಚಿದಳು. ಆಮೇಲೆ ನನಗೆ ತೋರಿಸಿದಳು. ಅರವತ್ತೊಂದು.

"ಅದು ಕೆಟ್ಟಿರಬೇಕು ಬಿಡ ಅಕ್ಕಾ," ಅಂದಳು ಸಾವಿತ್ರಿ. ಆದರೆ ಅವಳು ಎರಡು ಹೆಜ್ಜೆ ಹಿಂದೆ ಸರಿದಿದ್ದಳು.

ಕೊನೆಯ ಬುಟ್ಟಿ ಬಿದ್ದಿದ್ದ ಆ ಪಾತಿಯ ಮೇಲೆ ಇಬ್ಬನಿ ಇರಲಿಲ್ಲ. ನಾನು ಮೊಣಕಾಲೂರಿ ತೋಳೇರಿಸಿದೆ. ಯಂತ್ರ ಸುಳ್ಳು ಹೇಳಬಹುದು, ನನ್ನ ಕೈ ಹೇಳುವುದಿಲ್ಲ. ಒಂದು ಗೇಣು ಗೊಬ್ಬರವೂ ಇರದ ಆ ಮಣ್ಣಿನೊಳಗೆ ಬೆರಳು ಇಟ್ಟೆ. ಬಿಸಿಯಾಗಿತ್ತು. ಮೊದಲ ದಿನ ಮೊಣಕೈವರೆಗೆ ಹೋಗಿ ತಾಗಿದ್ದ ಅದೇ ಬಿಸಿ.

ನಾನು ಸರ್ರನೆ ಕೈ ಹೊರತೆಗೆದೆ. ಮೋರಾಗ್ ಕೈಗವಸು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಪಾತಿಯ ಅಂಚಿಗೆ ಕಷ್ಟಪಟ್ಟು ಕೂತು, ನಾನು ಕೈ ತೆಗೆದ ಜಾಗದಲ್ಲೇ ತನ್ನ ಕೈ ಇಟ್ಟಳು. ನನ್ನ ವಿಮಾನದ ಹೊತ್ತಾಗುವವರೆಗೂ ಅವಳು ಅದನ್ನು ತೆಗೆಯಲಿಲ್ಲ.